ನೆರೆಮನೆಯ ಹಿಮವನ್ನು ಯಾರು ಎತ್ತಬೇಕು?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದ ಒಳಕ್ಕೆ ಚಾಚಿಕೊಂಡಿರುವ ಕೀವಿನಾ ಎಂಬ ಪರ್ಯಾಯ ದ್ವೀಪವಿದೆ. ಅಲ್ಲಿನ ಮೊಹಾಕ್ ಎಂಬ ಪುಟ್ಟ ಊರಿನ ಸಮೀಪ, 41ನೇ ಹೆದ್ದಾರಿಯ ಪಕ್ಕದಲ್ಲಿ, ಉಷ್ಣಮಾಪಕದ ಆಕಾರದ ಎತ್ತರವಾದ ಫಲಕವೊಂದನ್ನು ನಿಲ್ಲಿಸಿದ್ದಾರೆ. ಅದು ತೋರಿಸುವುದು ಉಷ್ಣತೆಯನ್ನಲ್ಲ, ಚಳಿಗಾಲದಲ್ಲಿ ಬಿದ್ದ ಹಿಮದ ಪ್ರಮಾಣವನ್ನು. ಅದರ ಮೇಲಿನ ದಾಖಲೆಯ ಗುರುತು 390.4 ಇಂಚು, ಅಂದರೆ ಮೂವತ್ತೆರಡೂವರೆ ಅಡಿ. 1978–79ರ ಒಂದೇ ಚಳಿಗಾಲದಲ್ಲಿ ಅಷ್ಟು ಹಿಮ ಆ ಜಿಲ್ಲೆಯ ಮೇಲೆ ಸುರಿಯಿತು. ಒಟ್ಟಿಗೆ ಬಿದ್ದು ಕರಗದೆ ಉಳಿದಿದ್ದರೆ ಮೂರಂತಸ್ತಿನ ಮನೆಯೊಂದು ಮುಚ್ಚಿಹೋಗುತ್ತಿತ್ತು. ಗೆದ್ದ ಯುದ್ಧಗಳಿಗೆ, ಆಳಿದ ರಾಜರಿಗೆ ಸ್ಮಾರಕ ಕಟ್ಟುವುದು ಲೋಕರೂಢಿ. ತಾವು ಪಟ್ಟ ಪಾಡಿಗೇ ಸ್ಮಾರಕ ಕಟ್ಟಿ, ಅದರ ಮುಂದೆ ನಿಂತು ನಗುನಗುತ್ತಾ ಫೋಟೊ ತೆಗೆಸಿಕೊಳ್ಳುವ ಜನ ವಿರಳ.

ಅಲ್ಲಿ ಅಷ್ಟು ಹಿಮ ಬೀಳಲು ಕಾರಣ ಸರೋವರವೇ. ಕೆನಡಾದ ಕಡೆಯಿಂದ ಬೀಸಿ ಬರುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದುಬರುವಾಗ ನೀರಿನ ತೇವವನ್ನೂ ಶಾಖವನ್ನೂ ಹೀರಿಕೊಳ್ಳುತ್ತದೆ. ದಡ ಮುಟ್ಟಿ ಗುಡ್ಡಗಳನ್ನು ಏರುವಾಗ ಹೊತ್ತು ತಂದದ್ದನ್ನೆಲ್ಲ ಹಿಮವಾಗಿ ಇಳಿಸುತ್ತದೆ. ಅರಬ್ಬಿ ಸಮುದ್ರದ ಮೋಡಗಳು ಸಹ್ಯಾದ್ರಿಗೆ ತಾಗಿ ಆಗುಂಬೆಯಲ್ಲಿ ಸುರಿಯುವುದನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ. ಆದರೆ ಮಳೆ ಬಿದ್ದು ಹರಿದುಹೋಗುತ್ತದೆ, ಹಿಮ ಬಿದ್ದಲ್ಲಿಯೇ ಉಳಿಯುತ್ತದೆ. ಅದನ್ನು ಯಾರಾದರೂ ಎತ್ತಲೇಬೇಕು. ಯಾರು ಎತ್ತಬೇಕು ಎಂಬ ಪ್ರಶ್ನೆಗೆ ಅಲ್ಲಿನ ಸಣ್ಣ ಊರುಗಳು ಕಂಡುಕೊಂಡ ಉತ್ತರವೇ ಈ ಲೇಖನದ ವಸ್ತು.

ಗಣಿಗಾರಿಕೆಯ ಶಾಲೆಯಾಗಿ 1885ರಲ್ಲಿ ಆರಂಭಗೊಂಡು ಇಂದು ಮಿಷಿಗನ್ ಟೆಕ್ ಎಂದು ಕರೆಸಿಕೊಳ್ಳುವ ವಿಶ್ವವಿದ್ಯಾಲಯವಿರುವ ಹೋಟನ್ ಪಟ್ಟಣದಲ್ಲಿ ಈ ಲೇಖಕ ಕೆಲವು ಚಳಿಗಾಲಗಳನ್ನು ಕಳೆದದ್ದುಂಟು. ಸುಮಾರು ಎಂಟು ಸಾವಿರ ಜನಸಂಖ್ಯೆಯ ಊರು ಅದು. ಸಾಧಾರಣ ವರ್ಷದಲ್ಲಿಯೂ ಆ ಭಾಗದಲ್ಲಿ ಇನ್ನೂರು ಇಂಚಿಗಿಂತ ಹೆಚ್ಚು ಹಿಮ ಬೀಳುತ್ತದೆ. ಭಾರತದಿಂದ ಹೋದ ವಿದ್ಯಾರ್ಥಿಗಳು ಅಲ್ಲಿ ಸಾಕಷ್ಟಿದ್ದಾರೆ, ಕನ್ನಡದ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ಮೊದಲ ಹಿಮ ಬಿದ್ದಾಗ ಹೊಸಬರೆಲ್ಲ ಬೀದಿಗೆ ಓಡಿಬಂದು ಸಂಭ್ರಮಿಸುತ್ತಾರೆ. ಹಳಬರು ಕಿಟಕಿಯಿಂದ ಅದನ್ನು ನೋಡಿ, ಫೆಬ್ರುವರಿ ಬರಲಿ ಎಂದು ತಮ್ಮಷ್ಟಕ್ಕೆ ತಾವೇ ಮುಗುಳ್ನಗುತ್ತಾರೆ.

ಫೆಬ್ರುವರಿಯ ಹೊತ್ತಿಗೆ ಹಿಮವು ದೃಶ್ಯವಾಗಿ ಉಳಿದಿರುವುದಿಲ್ಲ, ಕೆಲಸವಾಗಿರುತ್ತದೆ. ಪ್ರತಿ ಮನೆಯ ಬಾಗಿಲಲ್ಲಿಯೂ ಒಂದು ದೊಡ್ಡ ಲೋಹದ ತಳ್ಳುಸಲಿಕೆ ನಿಂತಿರುತ್ತದೆ. ಎತ್ತಿ ಎಸೆಯುವ ಬದಲು ಎರಡೂ ಕೈಗಳಿಂದ ಹಿಮವನ್ನು ತಳ್ಳಿಕೊಂಡು ಹೋಗಿ ಅಂಗಳದಾಚೆ ಸುರಿಯುವ ಸಾಧನ ಅದು. ಮನೆಯ ಮುಂದಿನ ಹಾದಿ, ಕಾರು ಹೊರಡುವ ದಾರಿ, ಅಂಚೆಯ ಪೆಟ್ಟಿಗೆಯ ಸುತ್ತಲ ಜಾಗ ಇವನ್ನೆಲ್ಲ ಬಿಡಿಸಿ ನಿಟ್ಟುಸಿರುಬಿಡುವಷ್ಟರಲ್ಲಿ ಪುರಸಭೆಯ ಹಿಮ ತಳ್ಳುವ ಲಾರಿ ಬೀದಿಯಲ್ಲಿ ಹಾದುಹೋಗುತ್ತದೆ. ರಸ್ತೆ ಸ್ವಚ್ಛವಾಗುತ್ತದೆ, ಆದರೆ ಅದು ತಳ್ಳಿದ ಗಟ್ಟಿ ಹಿಮವೆಲ್ಲ ಈಗ ತಾನೇ ಬಿಡಿಸಿದ ದಾರಿಯ ಬಾಯಲ್ಲಿ ಒಡ್ಡಿನಂತೆ ಕೂರುತ್ತದೆ. ಹಿಮದ ನಾಡಿನ ಎಲ್ಲ ಊರುಗಳಲ್ಲಿಯೂ ಈ ಒಡ್ಡು ಬೈಗುಳಕ್ಕೂ ಹಾಸ್ಯಕ್ಕೂ ಸಮನಾಗಿ ಒದಗಿಬರುವ ವಸ್ತು. ಲಾರಿಯ ಚಾಲಕನೂ ಅದೇ ಊರಿನವನು, ಕೆಲಸ ಮುಗಿಸಿ ಮನೆಗೆ ಹೋದರೆ ಅವನ ಬಾಗಿಲಲ್ಲಿಯೂ ಅಂಥದೇ ಒಡ್ಡು ಕಾದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದುದರಿಂದ ಬೈಗುಳ ಹೆಚ್ಚು ದೂರ ಹೋಗುವುದಿಲ್ಲ.

ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕೆಂಬ ನಿಯಮ ಅಮೆರಿಕದ ಬಹಳಷ್ಟು ಊರುಗಳಲ್ಲಿದೆ, ತಪ್ಪಿದರೆ ದಂಡ ತೆರಬೇಕಾದ ಊರುಗಳೂ ಇವೆ. ಆದರೆ ಕಾನೂನು ನಮ್ಮ ಜಾಗದ ಗಡಿಗೆ ಬಂದು ನಿಲ್ಲುತ್ತದೆ. ಬೆಂಕಿ ಆರಿಸಲು ನೀರೊದಗಿಸುವ ರಸ್ತೆಬದಿಯ ಕೊಳಾಯಿ ಹಿಮದಲ್ಲಿ ಹೂತುಹೋದರೆ ಅದನ್ನು ಬಿಡಿಸುವವರು ಯಾರು? ಪಕ್ಕದ ಮನೆಯ ಗೋಡೆಯಲ್ಲಿರುವ ಹೊಗೆ ಕಿಂಡಿಗೆ ಹಿಮ ಮೆತ್ತಿಕೊಂಡರೆ, ಒಲೆಯ ವಿಷಾನಿಲ ಒಳಗೇ ತುಂಬಿ ಮಲಗಿದವರು ಏಳದೆ ಹೋಗಬಹುದು. ಅದನ್ನು ಗಮನಿಸುವವರು ಯಾರು? ಎಂಬತ್ತು ದಾಟಿದ ಮುದುಕಿಯ ಅಂಗಳವನ್ನು ಸ್ವಚ್ಛಗೊಳಿಸುವವರು ಯಾರು? ಇದಕ್ಕೆ ಆ ಊರಿನಲ್ಲಿ ಎಲ್ಲಿಯೂ ಬರೆದಿಡದ ಒಂದು ನಿಯಮವಿತ್ತು. ಮೊದಲು ಎದ್ದವರು ತಮ್ಮ ಗಡಿಯಲ್ಲಿ ನಿಲ್ಲುವುದಿಲ್ಲ.

ಇದನ್ನು ಬರಿಯ ಸೌಜನ್ಯವೆಂದು ತಿಳಿಯಬಾರದು. ಕೊರೆಯುವ ಚಳಿಯಲ್ಲಿ ರಕ್ತನಾಳಗಳು ಸಂಕುಚಿತಗೊಂಡಿರುತ್ತವೆ. ಅಂಥ ಹೊತ್ತಿನಲ್ಲಿ ಮೈ ಬಗ್ಗಿಸಿ ಭಾರ ಎತ್ತುವುದೆಂದರೆ ಹೃದಯಕ್ಕೆ ಒಮ್ಮೆಗೇ ಎರಡು ಹೊರೆ. ಹಿಮ ಎತ್ತುತ್ತಿದ್ದಾಗ ಹೃದಯಾಘಾತವಾಗಿ ಕುಸಿಯುವವರು ಪ್ರತಿ ಚಳಿಗಾಲದಲ್ಲಿಯೂ ಇರುತ್ತಾರೆ, ಅಲ್ಲಿನ ವೈದ್ಯರು ವಯಸ್ಸಾದವರಿಗೆ ಸಲಿಕೆ ಮುಟ್ಟಬೇಡಿರೆಂದು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಹೀಗಿರುವಾಗ ನೆರೆಮನೆಯ ಮುದುಕರ ಅಂಗಳದಲ್ಲಿ ಹದಿನೈದು ನಿಮಿಷ ಸಲಿಕೆ ಆಡಿಸಿದ ಹುಡುಗ ಮಾಡಿದ್ದು ಉಪಕಾರವಷ್ಟೇ ಅಲ್ಲ, ಒಂದು ಬಗೆಯ ಚಿಕಿತ್ಸೆ.

ನಮ್ಮ ಬೀದಿಯಲ್ಲಿ ಒಬ್ಬಂಟಿಯಾಗಿದ್ದ ವೃದ್ಧೆಯೊಬ್ಬರ ಅಡುಗೆಮನೆಯ ಪರದೆ ಬೆಳಗಿನ ಎಂಟರೊಳಗೆ ಸರಿಯುತ್ತಿತ್ತು. ಅದು ಸರಿಯದ ದಿನ ಯಾರಾದರೊಬ್ಬರು ಹೋಗಿ ಬಾಗಿಲು ತಟ್ಟುತ್ತಿದ್ದರು. ಬಾಗಿಲು ತೆರೆದ ಆಕೆ, ತಾನಿನ್ನೂ ಸತ್ತಿಲ್ಲ, ಆದರೆ ಬಂದದ್ದು ಬಂದಿರಿ, ಕಾಫಿ ಕುಡಿದೇ ಹೋಗಿ ಎನ್ನುತ್ತಿದ್ದರು. ಕಾಫಿಯ ಆಸೆಗೆ ಕೆಲವರು ಪರದೆ ಸರಿದ ದಿನವೂ ಬಾಗಿಲು ತಟ್ಟುತ್ತಾರೆಂಬುದು ಬೀದಿಯ ಹಾಸ್ಯವಾಗಿತ್ತು. ಸರಕಾರದ ಯಾವ ಯೋಜನೆಯಲ್ಲಿಯೂ ನಮೂದಾಗದ ಈ ಕಾವಲಿಗೆ ಖರ್ಚಾಗುತ್ತಿದ್ದುದು ದಿನಕ್ಕೆ ಒಂದು ನೋಟ ಮಾತ್ರ.

ಇಲ್ಲಿ ಕೃತಜ್ಞತೆಯ ಸ್ವರೂಪವೇ ಬೇರೆಯಾಗಿರುವುದನ್ನು ಗಮನಿಸಬೇಕು. ನಾವು ಉಪಕಾರವನ್ನು ಋಣವೆಂದು ಬಗೆಯುವವರು. ಋಣ ದೊಡ್ಡ ಮಾತು, ಭಾರವಾದ ಮಾತು. ಅದು ಹೆಗಲ ಮೇಲಿರುವಾಗ ಕೊಟ್ಟವನ ಎದುರಿಗೆ ತಲೆ ತುಸು ಬಾಗಿಯೇ ಇರುತ್ತದೆ. ಹಿಮದ ಊರಿನಲ್ಲಿ ಹಿಂಗಾರು ಮುಂಗಾರುಗಳಂತೆ ಅವಧಿಯಿಲ್ಲ. ಐದು ತಿಂಗಳು, ಕೆಲವೊಮ್ಮೆ ಆರು ತಿಂಗಳು, ಮತ್ತೆ ಮತ್ತೆ ಒಬ್ಬರ ನೆರವು ಇನ್ನೊಬ್ಬರಿಗೆ ಬೇಕು. ಪ್ರತಿಯೊಂದನ್ನೂ ಋಣವೆಂದು ಬರೆದಿಟ್ಟರೆ ಮಾರ್ಚಿಯ ಹೊತ್ತಿಗೆ ಊರೆಲ್ಲ ದಿವಾಳಿಯಾಗಬೇಕು. ಆದುದರಿಂದ ಅಲ್ಲಿ ಧನ್ಯವಾದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಹಗುರ ಮಾತು. ತನಗೂ ಮೈ ಬಿಸಿಯಾಗಬೇಕಿತ್ತೆಂದೋ, ಮನೆಯೊಳಗೆ ಹೆಂಡತಿ ಬೇರೆ ಕೆಲಸ ಹೇಳುವವಳಿದ್ದಳೆಂದೋ ಅವನು ಹೇಳುತ್ತಾನೆ. ಪಡೆದವನು ಅದನ್ನು ಕೊಟ್ಟವನಿಗೇ ಹಿಂದಿರುಗಿಸಬೇಕೆಂದಿಲ್ಲ, ಮುಂದಿನ ಮನೆಗೆ ದಾಟಿಸಿದರಾಯಿತು.

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಹೆಸರಿತ್ತು. ನಾಟಿ, ಕುಯ್ಲುಗಳ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ ದುಡಿದು, ತಮ್ಮ ಸರದಿ ಬಂದಾಗ ಅವರನ್ನು ಕರೆಯುವ ಮುಯ್ಯಾಳು ಪದ್ಧತಿ ಅದು. ಅಲ್ಲಿಯೂ ಬೇಸಾಯದ ಅವಸರವೇ ಜನರನ್ನು ಕೂಡಿಸುತ್ತಿತ್ತು, ಅಲ್ಲಿಯೂ ದಣಿವನ್ನು ಮರೆಸಲು ಹಾಡು, ಚೇಷ್ಟೆ, ಒಗಟುಗಳಿದ್ದವು. ಮುಯ್ಯಾಳು ಎಂಬ ಪದವನ್ನು ಇಂದು ನಗರದ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಕೀವಿನಾದಲ್ಲಿ ಆ ಪದವಿಲ್ಲ, ಪದ್ಧತಿ ಇದೆ.

ಹಾಸ್ಯದ ವಿಷಯಕ್ಕೆ ಬಂದರೆ, ಆ ಸೀಮೆಯವರು ತಮಗಾಗಿ ಒಬ್ಬ ಹಿಮದೇವರನ್ನೇ ಸೃಷ್ಟಿಸಿಕೊಂಡಿದ್ದಾರೆ. ಕಥೆ 1970ರದು. ಹೋಟನ್ ಸಮೀಪದ ಅಟ್ಲಾಂಟಿಕ್ ಮೈನ್ ಎಂಬಲ್ಲಿ ಹಿಮವಾಹನಗಳ ಪಂದ್ಯ ಗೊತ್ತಾಗಿತ್ತು, ಆದರೆ ಬೇಕಾದಷ್ಟು ಹಿಮ ಬಿದ್ದಿರಲಿಲ್ಲ. ಆಗ ಎದುರುದಡದ ಹ್ಯಾಂಕಾಕ್ ಪಟ್ಟಣದ ರೇಡಿಯೊ ಕೇಂದ್ರದ ಡೇವಿಡ್ ರಿಯುಟಾ ಎಂಬವರು ಹೇಕಿ ಲುಂಟಾ ಎಂಬ ದೇವತೆಯನ್ನು ಹಿಮಕ್ಕಾಗಿ ಬೇಡುವ ಹಾಡೊಂದನ್ನು ಕಟ್ಟಿ ಹಾಡಿದರು. ಹ್ಯಾಂಕ್ ಸ್ನೋ ಎಂಬ ಪ್ರಸಿದ್ಧ ಗಾಯಕನ ಹೆಸರನ್ನು ಫಿನ್ನಿಷ್ ಭಾಷೆಗೆ ತಿರುಗಿಸಿ ಹುಟ್ಟಿಸಿದ ದೇವತೆ ಅದು. ಹಿಮ ಬಿತ್ತು. ಸಾಕೆನ್ನುವಷ್ಟು ಬಿತ್ತು, ಸಾಕೆಂದ ಮೇಲೂ ಬಿತ್ತು. ಕೊನೆಗೆ ಅದೇ ದೇವತೆಯನ್ನು ದಯವಿಟ್ಟು ಹೊರಟುಹೋಗು ಎಂದು ಬೇಡುವ ಇನ್ನೊಂದು ಹಾಡನ್ನೂ ಕಟ್ಟಬೇಕಾಯಿತು. ಇದನ್ನು ಓದಿ ನಗುವ ಮುನ್ನ ನಮ್ಮದನ್ನೂ ನೆನೆಯೋಣ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ಮಳೆಗಾಗಿ ಕಪ್ಪೆಗಳಿಗೆ ವಿಧಿವತ್ತಾಗಿ ಮದುವೆ ಮಾಡಿಸಲಾಯಿತು. ಅದೇ ವರ್ಷ ಭೋಪಾಲದಲ್ಲಿ ಹೀಗೆಯೇ ಮದುವೆಯಾದ ಕಪ್ಪೆಗಳಿಗೆ, ಮಳೆ ಮಿತಿಮೀರಿತೆಂದು, ಸೆಪ್ಟೆಂಬರ್‌ನಲ್ಲಿ ವಿಚ್ಛೇದನ ಕೊಡಿಸಲಾಯಿತು. ಪ್ರಕೃತಿಯ ಎದುರು ಕೈಸಾಗದಿದ್ದಾಗ ಮನುಷ್ಯ ಎಲ್ಲೆಡೆಯೂ ತುಸು ಹೆಚ್ಚು ಕಲ್ಪನಾಶೀಲನಾಗುತ್ತಾನೆ.

ಹ್ಯಾಂಕಾಕ್‌ನಲ್ಲಿ ಜನವರಿಯ ಕೊನೆಯ ಭಾಗದಲ್ಲಿ ಹೇಕಿನ್‌ಪೈವಾ ಎಂಬ ನಡುಮಾಗಿಯ ಉತ್ಸವ ನಡೆಯುತ್ತದೆ. ಫಿನ್‌ಲೆಂಡಿನಿಂದ ಬಂದ ಗಣಿಕಾರ್ಮಿಕರ ಮೊಮ್ಮಕ್ಕಳು, ಮರಿಮಕ್ಕಳು 1999ರಿಂದ ನಡೆಸಿಕೊಂಡು ಬಂದಿರುವ ಹಬ್ಬ ಇದು. ಆ ದಿನ ಗುಹೆಯಲ್ಲಿ ನಿದ್ರಿಸುವ ಕರಡಿ ಮಗ್ಗುಲು ಬದಲಿಸುತ್ತದೆ, ಅಂದರೆ ಚಳಿಗಾಲದ ಅರ್ಧ ಮುಗಿಯಿತು ಎಂಬುದು ಅವರ ಹಳೆಯ ಗಾದೆ. ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ಓಡುವ ಸ್ಪರ್ಧೆ, ಕಾಲಿನಿಂದ ನೂಕಿಕೊಂಡು ಹೋಗುವ ಜಾರುಬಂಡಿಗಳ ಓಟ, ಮಂಜುಗಡ್ಡೆಯನ್ನು ಕೊರೆದು ಮಾಡಿದ ನೀರಿನ ಗುಂಡಿಗೆ ಧುಮುಕುವ ಸಾಹಸ ಇವೆಲ್ಲ ಅದರ ಭಾಗ. ಹೋಟನ್‌ನ ವಿಶ್ವವಿದ್ಯಾಲಯದಲ್ಲಿಯೂ 1922ರಲ್ಲಿ ಆರಂಭವಾದ ಚಳಿಗಾಲದ ಉತ್ಸವವಿದೆ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ದುಡಿದು ಹಿಮದಲ್ಲಿ ಕೋಟೆಕೊತ್ತಲಗಳನ್ನು, ಬೃಹತ್ ಶಿಲ್ಪಗಳನ್ನು ಕಟ್ಟುತ್ತಾರೆ. ಒಂದೇ ರಾತ್ರಿ ಜಾಗರಣೆ ಮಾಡಿ ಮುಗಿಸಬೇಕಾದ ಶಿಲ್ಪಗಳ ಸ್ಪರ್ಧೆಯೂ ಇದೆ. 2006ರ ಫೆಬ್ರುವರಿಯಲ್ಲಿ ಅಲ್ಲಿ ಮೂರು ಸಾವಿರದ ಏಳುನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಸೇರಿ ಹಿಮದುಂಡೆಗಳ ಕಾಳಗ ನಡೆಸಿ ವಿಶ್ವದಾಖಲೆ ಸ್ಥಾಪಿಸಿದರು. ಊರಿನ ಜನಸಂಖ್ಯೆಯ ಅರ್ಧಕ್ಕೆ ಸಮೀಪವಾದ ಸಂಖ್ಯೆ ಅದು. ಇಷ್ಟು ಜನ ಒಬ್ಬರಿಗೊಬ್ಬರು ಹೊಡೆದುಕೊಂಡು ನಗುತ್ತಾ ಮನೆಗೆ ಹೋದ ಕಾಳಗಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಈ ಗುಣ ಕೀವಿನಾದವರ ಸ್ವತ್ತೇನಲ್ಲ. ಅಲಾಸ್ಕಾದ ನೆನಾನಾ ಎಂಬ ಚಿಕ್ಕ ಊರಿನಲ್ಲಿ, ಹೆಪ್ಪುಗಟ್ಟಿದ ನದಿ ಯಾವ ದಿನ, ಯಾವ ನಿಮಿಷಕ್ಕೆ ಒಡೆದು ಹರಿಯುತ್ತದೆ ಎಂಬುದರ ಮೇಲೆ 1917ರಿಂದ ಪಂದ್ಯ ಕಟ್ಟುತ್ತಾರೆ. ರೈಲುಮಾರ್ಗ ಕಟ್ಟಲು ಬಂದಿದ್ದ ಎಂಜಿನಿಯರುಗಳು ಬೇಸರ ಕಳೆಯಲಾರದೆ ಎಂಟುನೂರು ಡಾಲರು ಕೂಡಿಸಿ ಆರಂಭಿಸಿದ್ದು ಅದು. ಮಿನ್ನೆಸೋಟಾ ರಾಜ್ಯದ ಸಾರಿಗೆ ಇಲಾಖೆ 2020–21ರ ಚಳಿಗಾಲದಿಂದ ತನ್ನ ಹಿಮ ತಳ್ಳುವ ಲಾರಿಗಳಿಗೆ ಹೆಸರಿಡುವ ಕೆಲಸವನ್ನು ಜನರಿಗೇ ಒಪ್ಪಿಸಿದೆ. ಹಾಗೆ ಗೆದ್ದ ಹೆಸರುಗಳಲ್ಲೊಂದು ‘ಕಂಟ್ರೋಲ್ ಸಾಲ್ಟ್ ಡಿಲೀಟ್’. ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುವ ಲಾರಿಗೆ ಈ ಹೆಸರೇಕೆ ಒಪ್ಪುತ್ತದೆಂಬುದನ್ನು ಕಂಪ್ಯೂಟರ್‌ಗಳ ನಗರವಾದ ಬೆಂಗಳೂರಿನ ಓದುಗರಿಗೆ ವಿವರಿಸಬೇಕಿಲ್ಲ. ಬಾಗಿಲಿಗೆ ಒಡ್ಡು ಹಾಕಿ ಹೋಗುವ ಲಾರಿಗೆ ತಾವೇ ಹೆಸರಿಟ್ಟ ಮೇಲೆ ಅದನ್ನು ಬೈಯುವುದು ಕಷ್ಟ.

ಇದರಲ್ಲೆಲ್ಲ ಹಾಸ್ಯ ಮಾಡುವ ಕೆಲಸವೇನು? ನನ್ನ ತಿಳಿವಳಿಕೆಯಲ್ಲಿ, ಅದು ನೆರವಿನ ದಾರಿಯನ್ನು ಸುಗಮಗೊಳಿಸುತ್ತದೆ. ನೆರವು ಕೇಳುವುದಕ್ಕೆ ಸಂಕೋಚ, ಕೊಡುವುದಕ್ಕೆ ಅಹಂಕಾರ ಇವೆರಡೂ ಮನುಷ್ಯಸಹಜ. ಮುದುಕನೊಬ್ಬ ತನ್ನ ಅಂಗಳ ತನಗೆ ಒಗ್ಗುತ್ತಿಲ್ಲವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಈ ವರ್ಷದ ಹಿಮವನ್ನೆಲ್ಲ ದೇವರು ತನ್ನ ಮನೆಯ ವಿಳಾಸಕ್ಕೇ ಕಳಿಸಿದ್ದಾನೆಂದು ಅವನು ನಕ್ಕರೆ, ಕೇಳುವ ಮಾತು ಕೇಳಿದಂತಾಯಿತು, ಮಾನವೂ ಉಳಿಯಿತು. ಇನ್ನೊಬ್ಬರ ಕಷ್ಟವನ್ನು ನೋಡಿ ನಗುವುದು ಕ್ರೌರ್ಯ. ಒಂದೇ ಕಷ್ಟದಲ್ಲಿ ಒಟ್ಟಿಗೆ ಸಿಲುಕಿ ನಗುವುದು ಬಾಂಧವ್ಯ. ಹಿಮವು ಬಡವನ ಮನೆ, ಧನಿಕನ ಮನೆ ಎಂದು ನೋಡದೆ ಬೀಳುವುದರಿಂದ ಈ ಎರಡನೆಯ ಬಗೆಯ ನಗುವಿಗೆ ಅಲ್ಲಿ ಅವಕಾಶ ಹೆಚ್ಚು.

ಆದರೆ ಹಿಮ ಬಿದ್ದ ಮಾತ್ರಕ್ಕೆ ಮನುಷ್ಯರು ಒಳ್ಳೆಯವರಾಗುತ್ತಾರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇದೇ ಕೀವಿನಾದಲ್ಲಿ 1913ರ ಜುಲೈಯಿಂದ 1914ರ ಏಪ್ರಿಲ್‌ವರೆಗೆ ತಾಮ್ರದ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದ್ದರು. ಊರು ಎರಡಾಗಿ ಸೀಳಿತ್ತು. 1913ರ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಲುಮೆಟ್‌ನ ಇಟಾಲಿಯನ್ ಹಾಲ್‌ನಲ್ಲಿ ಮುಷ್ಕರನಿರತರ ಮಕ್ಕಳಿಗಾಗಿ ಔತಣಕೂಟ ನಡೆದಿದ್ದಾಗ ಯಾರೋ ಬೆಂಕಿ ಎಂದು ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 73 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅಂದೂ ಆ ಬೀದಿಗಳಲ್ಲಿ ಹಿಮವಿತ್ತು, ನೆರೆಮನೆಗಳಿದ್ದವು. ಆದುದರಿಂದ ಇಂದು ಅಲ್ಲಿ ಕಾಣುವ ನೆರೆತನ ರಕ್ತದಲ್ಲಿ ಬಂದದ್ದಲ್ಲ. ಕಾರ್ನ್‌ವಾಲ್, ಫಿನ್‌ಲೆಂಡ್, ಇಟಲಿ, ಕ್ರೊಯೇಷಿಯಾಗಳಿಂದ ಬಂದು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದವರ ಮಕ್ಕಳು ತಲೆಮಾರುಗಳ ಕಾಲ ರೂಢಿಸಿಕೊಂಡದ್ದು.

ರೂಢಿಯಿಲ್ಲದೆಡೆ ಏನಾಗುತ್ತದೆಂಬುದಕ್ಕೆ ಇತ್ತೀಚಿನ ನಿದರ್ಶನವಿದೆ. 2022ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಬಫೆಲೊ ನಗರ ಮತ್ತು ಸುತ್ತಲಿನ ಪ್ರದೇಶಕ್ಕೆ ಹಿಮದ ಬಿರುಗಾಳಿ ಅಪ್ಪಳಿಸಿತು. ಬಫೆಲೊ ಹಿಮಕ್ಕೆ ಹೆಸರಾದ ನಗರ. ಆದರೂ ಆ ಕೌಂಟಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೆಲವರು ಕಾರುಗಳಲ್ಲಿ, ಕೆಲವರು ಬೀದಿಗಳಲ್ಲಿ, ಇನ್ನು ಕೆಲವರು ವಿದ್ಯುತ್ತಿಲ್ಲದೆ ತಣ್ಣಗಾದ ತಮ್ಮದೇ ಮನೆಗಳಲ್ಲಿ. ತುರ್ತು ಸೇವೆಯ ವಾಹನಗಳೇ ಹಿಮದಲ್ಲಿ ಸಿಲುಕಿಕೊಂಡಿದ್ದವು. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯನಿಗೂ ಸಾವಿಗೂ ನಡುವೆ ನಿಲ್ಲಬಲ್ಲದ್ದು ನಡೆದುಹೋಗಬಹುದಾದಷ್ಟು ಹತ್ತಿರದ ಇನ್ನೊಂದು ಮನೆ ಮಾತ್ರ. ಆ ಮನೆಯವರಿಗೆ ಇವನ ಇರವೇ ತಿಳಿದಿರದಿದ್ದರೆ ಅದೂ ಇಲ್ಲ.

ಅದೇ ಬಿರುಗಾಳಿಯಲ್ಲಿ, ಅದೇ ದಿನ, ಬಫೆಲೊ ಪಕ್ಕದ ವಿಲಿಯಮ್ಸ್‌ವಿಲ್ ಎಂಬಲ್ಲಿ ಬೇರೊಂದು ಸಂಗತಿ ನಡೆಯಿತು. ನಯಾಗರಾ ನೋಡಲು ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗಳ ವ್ಯಾನು ಹಿಮದಲ್ಲಿ ಹೂತುಕೊಂಡಿತು. ಅವರಲ್ಲಿ ಇಬ್ಬರು ಸಮೀಪದ ಮನೆಯ ಬಾಗಿಲು ತಟ್ಟಿ ಸಲಿಕೆ ಕೇಳಿದರು. ಸಲಿಕೆಯಿಂದ ಆಗುವ ಕೆಲಸ ಅದಲ್ಲವೆಂದು ಅರಿತ ಆ ಮನೆಯ ದಂಪತಿ ಎಲ್ಲರನ್ನೂ ಒಳಗೆ ಕರೆದುಕೊಂಡರು. ಹತ್ತು ಮಂದಿ ಅಪರಿಚಿತರು ಎರಡು ರಾತ್ರಿ ಅಲ್ಲಿ ತಂಗಿದರು. ಆ ದಂಪತಿಗೆ ಕೊರಿಯಾದ ಅಡುಗೆಯೆಂದರೆ ಇಷ್ಟ, ಅದಕ್ಕೆ ಬೇಕಾದ ಮಸಾಲೆ ಸಾಮಗ್ರಿಗಳೆಲ್ಲ ಮನೆಯಲ್ಲಿಯೇ ಇದ್ದವು. ಅತಿಥಿಗಳು ಅಡುಗೆಮನೆಯನ್ನು ವಹಿಸಿಕೊಂಡು ತಮ್ಮೂರಿನ ಊಟ ಮಾಡಿ ಬಡಿಸಿದರು. ಸಲಿಕೆ ಕೇಳಲು ಬಂದವರು ಸೌಟು ಹಿಡಿದ ಈ ಪ್ರಸಂಗ ಆಗ ಲೋಕವೆಲ್ಲ ಸುದ್ದಿಯಾಯಿತು. ಆದರೆ ಸುದ್ದಿಯಾಗದೆ ಹೋದ ಬಾಗಿಲುಗಳೂ ಇದ್ದವು, ತಟ್ಟಿದರೂ ತೆರೆಯದವು, ತಟ್ಟಲು ಯಾರೂ ಬಾರದವು. ಸುದ್ದಿಯ ಸಂತೋಷದಲ್ಲಿ ಅವನ್ನು ಮರೆಯಬಾರದು.

ನೆರೆತನ ಇದ್ದರೆ ಪುರಸಭೆ ಏಕೆ ಎಂದು ಇದರಿಂದ ತೀರ್ಮಾನಿಸುವುದೂ ಸಲ್ಲದು. ಹಿಮ ತಳ್ಳುವ ಲಾರಿ, ಆಸ್ಪತ್ರೆ, ವಿದ್ಯುತ್ತು ಇವು ಆಡಳಿತದ ಹೊಣೆ. ಜನ ಪರಸ್ಪರ ನೆರವಾಗುತ್ತಾರೆಂಬುದು ಆಡಳಿತ ಕೈಕಟ್ಟಿ ಕೂರಲು ನೆಪವಾಗಬಾರದು. ಆದರೆ ಎಷ್ಟೇ ದಕ್ಷ ಆಡಳಿತವಾದರೂ ಎಂಟು ಗಂಟೆಗೆ ಸರಿಯದ ಪರದೆಯನ್ನು ಗಮನಿಸಲಾರದು. ಎರಡೂ ಬೇಕು, ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಈಗ ಈ ರೂಢಿಗೇ ಅಪಾಯ ಒದಗಿದೆ. ಹೋಟನ್ ಕೌಂಟಿಯಲ್ಲಿ 1910ರಲ್ಲಿ ಎಂಬತ್ತೆಂಟು ಸಾವಿರ ಜನರಿದ್ದರು. ಗಣಿಗಳು ಮುಚ್ಚಿದವು, 2020ರ ಜನಗಣತಿಯ ಹೊತ್ತಿಗೆ ಉಳಿದವರು ಮೂವತ್ತೇಳು ಸಾವಿರದಷ್ಟು. ಹ್ಯಾಂಕಾಕ್‌ನಲ್ಲಿ ಫಿನ್ನಿಷ್ ವಲಸಿಗರು 1896ರಲ್ಲಿ ಸ್ಥಾಪಿಸಿದ್ದ ಕಾಲೇಜು, ಮುಂದೆ ಫಿನ್‌ಲ್ಯಾಂಡಿಯಾ ವಿಶ್ವವಿದ್ಯಾಲಯವಾಗಿದ್ದದ್ದು, 2023ರಲ್ಲಿ ಬಾಗಿಲು ಮುಚ್ಚಿತು. ಸಲಿಕೆ ಹಿಡಿಯಬಲ್ಲ ಯುವಕರು ದೂರದ ನಗರಗಳಿಗೆ ಹೋಗುತ್ತಾರೆ, ಹಿಮ ಎತ್ತಿಸಿಕೊಳ್ಳಬೇಕಾದವರು ಉಳಿಯುತ್ತಾರೆ. ಉಳ್ಳವರು ಯಂತ್ರ ಕೊಳ್ಳುತ್ತಾರೆ, ಇಲ್ಲವೆ ಗುತ್ತಿಗೆಗೆ ಕೊಡುತ್ತಾರೆ. ಅಂಗಳ ಸ್ವಚ್ಛವಾಗುತ್ತದೆ, ಆದರೆ ಬೇಲಿಯಾಚೆಯ ಮಾತು ನಿಂತುಹೋಗುತ್ತದೆ. ಹಣ ಕೊಟ್ಟು ಮಾಡಿಸಿದ ಕೆಲಸದಲ್ಲಿ ತಪ್ಪೇನಿಲ್ಲ, ಅದಕ್ಕೆ ಕೃತಜ್ಞತೆಯ ಅಗತ್ಯವಿಲ್ಲ, ಅಷ್ಟೆ.

ಹಿಮವೇ ಕೈಕೊಟ್ಟ ವರ್ಷಗಳೂ ಬಂದಿವೆ. 2023–24ರ ಚಳಿಗಾಲ ಆ ಭಾಗದಲ್ಲಿ ಅಸಾಧಾರಣವಾಗಿ ಬೆಚ್ಚಗಿತ್ತು. ಕ್ಯಾಲುಮೆಟ್‌ನಿಂದ ಹೊರಡುವ ನಾಯಿಬಂಡಿಗಳ ಪಂದ್ಯವನ್ನೂ, ಮಾರ್ಕೆಟ್ ಎಂಬ ಪಟ್ಟಣದಲ್ಲಿ ಆರಂಭವಾಗುವ ಇನ್ನೂರು ಮೈಲಿಗಳಿಗೂ ಹೆಚ್ಚಿನ ಪ್ರಸಿದ್ಧ ಪಂದ್ಯವನ್ನೂ 2024ರಲ್ಲಿ ಹಿಮವಿಲ್ಲದೆ ರದ್ದುಗೊಳಿಸಬೇಕಾಯಿತು. ಇಂಥ ಪಂದ್ಯಗಳೆಂದರೆ ನಾಯಿಗಳ ಓಟವಷ್ಟೇ ಅಲ್ಲ. ದಾರಿಯುದ್ದಕ್ಕೂ ರಸ್ತೆ ದಾಟುವಲ್ಲಿ ಕಾವಲು ನಿಲ್ಲುವ, ಬಿಸಿ ಸೂಪು ಹಂಚುವ, ರಾತ್ರಿಯೆಲ್ಲ ಬೆಂಕಿಯ ಸುತ್ತ ಹರಟುವ ನೂರಾರು ಸ್ವಯಂಸೇವಕರ ವಾರ್ಷಿಕ ಸಮಾಗಮ ಅದು. ಹಿಮವನ್ನು ಜೀವನಪರ್ಯಂತ ಶಪಿಸಿದವರು ಆ ವರ್ಷ ಹಸಿರು ಕಾಣುವ ಅಂಗಳದಲ್ಲಿ ನಿಂತು ಏನೋ ಕಳೆದುಕೊಂಡವರಂತೆ ಕಂಡರೆ ಆಶ್ಚರ್ಯವಿಲ್ಲ. ಕೂಡಿಸುತ್ತಿದ್ದ ಕಷ್ಟ ಇಲ್ಲವಾದಾಗ ಕೂಡುವ ಅಭ್ಯಾಸವನ್ನು ಬೇಕೆಂದೇ ಉಳಿಸಿಕೊಳ್ಳಬೇಕಾಗುತ್ತದೆ.

ಇದು ಬರಿಯ ಭಾವುಕತೆಯ ಪ್ರಶ್ನೆಯಲ್ಲ ಎಂಬುದನ್ನು ಅಮೆರಿಕದ ಆಗಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿಯವರು 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರ ಸ್ಪಷ್ಟಪಡಿಸಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದವರಾದ ಈ ವೈದ್ಯರು ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಗುರುತಿಸಿದರು. ಅಮೆರಿಕದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನ ಅನುಭವಿಸುತ್ತಿದ್ದಾರೆ, ಸಾಮಾಜಿಕ ಸಂಬಂಧಗಳ ಕೊರತೆಯಿಂದ ಆಯುಸ್ಸಿಗೆ ಆಗುವ ಹಾನಿ ದಿನಕ್ಕೆ ಹದಿನೈದು ಸಿಗರೇಟು ಸೇದುವುದಕ್ಕೆ ಹೋಲಿಸಬಹುದಾದಷ್ಟು ದೊಡ್ಡದು ಎಂದು ಅದು ಎಚ್ಚರಿಸಿತು. ಹಿಮದ ಊರಿನವರು ಸಲಹಾಪತ್ರಗಳಿಲ್ಲದ ಕಾಲದಿಂದಲೂ ಈ ರೋಗಕ್ಕೆ ಸಲಿಕೆಯಿಂದ ಮದ್ದು ಅರೆಯುತ್ತಿದ್ದರು.

ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಗಳ ಬಡಾವಣೆಗಳಲ್ಲಿ ನೀರು ನಿಂತಾಗ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ದೃಶ್ಯವನ್ನು ಎಲ್ಲರೂ ನೋಡಿದ್ದೇವೆ. ಆ ಟ್ರ್ಯಾಕ್ಟರುಗಳಲ್ಲಿ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದೂ ಮಾತನಾಡದವರು ಭುಜಕ್ಕೆ ಭುಜ ತಾಗಿಸಿ ನಿಂತು, ತಮ್ಮ ಪಾಡಿಗೆ ತಾವೇ ನಕ್ಕಿರಲೂ ಸಾಕು. ನೀರು ಇಳಿದ ಮೇಲೆ ಆ ನಗುವೂ ಇಳಿಯಬೇಕೆಂದೇನೂ ಇರಲಿಲ್ಲ. ಕೀವಿನಾದವರಿಗೆ ಈ ಪಾಠವನ್ನು ಪ್ರಕೃತಿ ಪ್ರತಿ ವರ್ಷ ಐದಾರು ತಿಂಗಳು ಹೇಳಿಕೊಡುತ್ತದೆ. ನಮಗೆ ಅಂಥ ಕಟ್ಟುನಿಟ್ಟಿನ ಗುರು ಇಲ್ಲದಿರುವುದರಿಂದ ನಾವೇ ಓದಿಕೊಳ್ಳಬೇಕು.

ಅದಕ್ಕೆ ದೊಡ್ಡ ಸಂಕಲ್ಪಗಳು ಬೇಡ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವವರು ಯಾರು, ಅವರ ಬಾಗಿಲು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಅವರ ಮಕ್ಕಳ ದೂರವಾಣಿ ಸಂಖ್ಯೆ ನಮ್ಮಲ್ಲಿ ಇದೆಯೇ ಎಂಬಷ್ಟನ್ನು ತಿಳಿದಿರುವುದು ಮೊದಲ ಹೆಜ್ಜೆ. ನೆರವು ಬೇಕಾದಾಗ ಸಂಕೋಚಪಡದೆ ಕೇಳುವುದು ಎರಡನೆಯದು, ಕೇಳದವರಿಗಿಂತ ಕೇಳುವವರೇ ನೆರೆಹೊರೆಯನ್ನು ಕಟ್ಟುತ್ತಾರೆ. ಕೊಟ್ಟದ್ದನ್ನು ಲೆಕ್ಕವಿಡದಿರುವುದು ಮೂರನೆಯದು. ಇವೆಲ್ಲವನ್ನೂ ಗಂಭೀರ ಮುಖದಿಂದ ಮಾಡದೆ ನಗುತ್ತಾ ಮಾಡಿದರೆ ಬಹಳ ಕಾಲ ಮಾಡಬಹುದು. ಆ ಪುಟ್ಟ ಊರುಗಳು ಅಷ್ಟೊಂದು ಚಳಿಗಾಲಗಳನ್ನು ದಾಟಿ ಬಂದದ್ದು ಹಾಗೆಯೇ.